ನಿನ್ನೆ ಸಿಮೆಂಟು, ಇವತ್ತು ಜೆಸಿಬಿ: ನಮ್ಮೂರ ರಸ್ತೆಗೆ ಜವಾಬ್ದಾರಿ ಯಾರು?

ಇಯರ್‌ಫೋನ್ ಹಾಕ್ಕೊಂಡು ಬೈಕ್ ಮ್ಯಾಲೆ ಇದನ್ನ ಕೇಳ್ತಿದ್ರ, ಮೊದಲು ಗಾಡಿ ಬಾಜೂ ಹಚ್ರಿ. ಇವತ್ತಿನ ಮಾತು ನಿಮ್ಮ ಮುಂದಿನ ತಗ್ಗಿನ ಬಗ್ಗೆನೇ ಅದ.

ನಮ್ಮದು ಕೊಡೇಕಲ್. ಯಾದಗಿರಿ ಜಿಲ್ಲೆ, ಹುಣಸಗಿ ತಾಲ್ಲೂಕು. ಕಾಲಜ್ಞಾನಕ್ಕ ಹೆಸರಾದ ಕೊಡೇಕಲ್ಲ ಬಸವಣ್ಣನವರ ಊರು. ಆದ್ರ ಹೊಸ ರಸ್ತೆ ಯಾವತ್ತು ಅಗೀತಾರ ಅನ್ನೋದು ಮಾತ್ರ ಇಲ್ಲಿ ಯಾರಿಗೂ ಮೊದಲೇ ಗೊತ್ತಾಗೂದಿಲ್ಲ.

ನಮ್ಮ ಓಣಿಯ ಕಥಿ ಕೇಳ್ರಿ. ಕೇಳಿ ಕೇಳಿ ಸಾಕಾದ ಮ್ಯಾಲೆ ಸಿಸಿ ರಸ್ತೆ ಆಯ್ತು. ಒಂದು ಮಳೆಗಾಲ ದಾಟಿರಲಿಲ್ಲ, ಪೈಪ್ ಹಾಕೋರು ಬಂದ್ರು. ರಸ್ತೆ ಕೊಯ್ದು, ಪೈಪ್ ಇಟ್ಟು, ಅದೇ ಮಣ್ಣು ಎಳೆದು ಹೋದ್ರು. ಮಳಿ ಬಿತ್ತು, ಕುಸೀತು. ಟಂಟಂ ಓಡಿಸೋ ಕಾಕಾ ಅಂದ್ರು: “ತಮ್ಮಾ, ಕಚ್ಚಾ ರಸ್ತೆ ಇದ್ದಾಗ ತಗ್ಗು ಎಲ್ಲೆಲ್ಲಿ ಅದಾವ ಅಂತ ಗೊತ್ತಿತ್ತು. ಈಗ ದಿನಾ ಹೊಸದು. ಬಸುರಿ ಹೆಣ್ಮಗಳನ್ನ ಕೂಡಿಸಿಕೊಂಡು ಹೋಗಾಕ ಅಂಜಿಕಿ ಬರ್ತದ.”

ನೀರು ಬ್ಯಾಡ ಅಂತಲ್ಲ. ಮನೆಗೆ ನಲ್ಲಿ ಬೇಕೇ ಬೇಕು. ಪ್ರಶ್ನೆ ಇಷ್ಟೇ: ಪೈಪ್ ಮೊದಲು, ರಸ್ತೆ ಆಮ್ಯಾಲೆ ಯಾಕ ಆಗಲಿಲ್ಲ?

ನಮ್ಮದು ಎರಿ ಭೂಮಿ. ಈ ಮಣ್ಣು ನೀರು ಕುಡಿದ್ರ ಉಬ್ಬತದ, ಬಿಸಿಲಿಗೆ ಬಿರಿತದ. ಅಗೆದ ಜಾಗಕ್ಕೆ ಮುರುಮು ಪದರ ಪದರವಾಗಿ ಹಾಕಿ, ನೀರು ಹೊಡೆದು, ಗಟ್ಟಿಯಾಗಿ ಬಡಿಯಬೇಕು. ಬಾಜೂಕ ಚರಂಡಿ ಬೇಕು. ಇದನ್ನ ಬಿಟ್ಟು ಮ್ಯಾಲೆ ಖಡಿ ಚೆಲ್ಲಿದ್ರ ಅದು ರಿಪೇರಿ ಅಲ್ಲ, ಮೇಕಪ್.

ಇನ್ನು ಜವಾಬ್ದಾರಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಓಣಿ ಗ್ರಾಮ ಪಂಚಾಯಿತಿಯದು. ಪೈಪ್ ಇನ್ನೊಬ್ಬರದು. ಗುತ್ತಿಗೆದಾರನಿಗೆ ಇಂತಿಷ್ಟು ವರ್ಷ ಕೆಟ್ಟರೆ ಸರಿಮಾಡೋ ಹೊಣೆ ಇರ್ತದ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಾದ್ರ 5 ವರ್ಷ. ಆದ್ರ ನಡುವ ಮತ್ತೊಬ್ಬ ಅಗೆದ ಅಂದ್ರ? “ನಾನು ಚಲೋ ಮಾಡಿದ್ದೆ, ಅವರು ಕೆಡಿಸಿದ್ರು” ಅಂತಾನ ಇವನು. “ನಮ್ಮ ಕೆಲಸ ಪೈಪು” ಅಂತಾನ ಅವನು. ಆ ಗುಂಡಿಯೊಳಗ ನೀರಷ್ಟೇ ಅಲ್ಲ, ಹೊಣೆಗಾರಿಕೆನೂ ಇಂಗಿ ಹೋಗ್ತದ.

ಹಂಗಾದ್ರ ನಾವು ಏನು ಮಾಡೋದು? ತಗ್ಗಿನ ಫೋಟೋ ಸ್ಟೇಟಸ್‌ಗೆ ಹಾಕಿದ್ರ 24 ತಾಸಿಗೆ ಹೋಗ್ತದ. ಅದರ ಬದಲು ರಸ್ತೆ ಆದ ದಿನವೇ ಕಾಮಗಾರಿ ಫಲಕದ ಫೋಟೋ ತೆಗೀರಿ: ಮೊತ್ತ, ಗುತ್ತಿಗೆದಾರ, ಮುಗಿದ ದಿನ. ಅಗೆಯೋರು ಬಂದ್ರ ಅದನ್ನೂ ತೆಗೀರಿ. ಆಮ್ಯಾಲೆ ಮಾಹಿತಿ ಹಕ್ಕು ಅರ್ಜಿ ಹಾಕ್ರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ರ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗ. ಹಿಂಗ ಕೇಳ್ರಿ: ಅಗೆಯಲು ಅನುಮತಿ ಕೊಟ್ಟವರು ಯಾರು? ಮೊದಲಿನಂತೆ ಮಾಡಲು ಎಷ್ಟು ಹಣ ಇಟ್ಟಿದ್ರು? ಕೆಲಸ ಮುಗಿದಿದೆ ಅಂತ ಸಹಿ ಹಾಕಿದವರು ಯಾರು? 30 ದಿನದೊಳಗ ಉತ್ತರ ಬರಬೇಕು.

ಆ ಉತ್ತರ ಹಿಡ್ಕೊಂಡು ಗ್ರಾಮಸಭೆಗೆ ಹೋಗ್ರಿ, ಒಬ್ಬರೇ ಅಲ್ಲ, ಓಣಿ ಮಂದಿ ಕೂಡಿ. ನಾವೂ ಅರ್ಜಿ ಬರೆದು ಇಟ್ಟೀವಿ. ಉತ್ತರ ಬಂದ್ರ ಇಲ್ಲೇ ಓದಿ ಹೇಳ್ತೀನಿ, ಬರದಿದ್ರ ಅದನ್ನೂ ಹೇಳ್ತೀನಿ.

ಅಲ್ಲೀತನಕ ಹಗೂರಕ ಗಾಡಿ ಹೊಡೀರಿ. ಬರ್ತೀನ್ರಿ.