ಮೇಲಿನಿಂದ ಕೆಳಕ್ಕೋ, ಕೆಳಗಿನಿಂದ ಮೇಲಕ್ಕೋ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಬಿರದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ನಾಲ್ಕು ಮಾತು ಆಡಬೇಕೆಂದು ಶಿಬಿರದ ವ್ಯವಸ್ಥಾಪಕರು ಅಪ್ಪಣೆ ಮಾಡಿದ್ದಾರೆ. ಸಂಘವನ್ನು ಹೊಗಳುವುದಕ್ಕೆ ಬೇರೆಯವರಿದ್ದಾರೆ. ನಾವು ಇವತ್ತು ಒಂದು ಸಣ್ಣ ಪ್ರಶ್ನೆ ಎತ್ತಿಕೊಂಡಿದ್ದೇವೆ. ಒಂದು ವ್ಯವಸ್ಥೆಯನ್ನು ಕಟ್ಟುವಾಗ ಯೋಚನೆ ಎಲ್ಲಿಂದ ಶುರುವಾಗಬೇಕು? ಮೇಲಿನಿಂದಲೋ, ಕೆಳಗಿನಿಂದಲೋ? ಸಣ್ಣ ಪ್ರಶ್ನೆ ಅಂದೆವು. ಆದರೆ ಬರುವ ಸರ್ವಸದಸ್ಯರ ಸಭೆಯಲ್ಲಿ ಹಳ್ಳದಾಚೆಯ ಮಜರೆಯ ಹಾಲಿನ ವಿಚಾರವಾಗಿ ನಾವೆಲ್ಲ ಕೈ ಎತ್ತಬೇಕಾಗಿದೆ. ಅದಕ್ಕೆ ಮೊದಲು ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಮದುವೆ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಯಜಮಾನ ಜಗಲಿಯ ಮೇಲೆ ಕೂತು ಲೆಕ್ಕ ಹಾಕುತ್ತಾನೆ. 500 ಎಲೆ ಬೀಳುತ್ತೆ, ಅದಕ್ಕೆ ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಸೌದೆ, ಇಷ್ಟು ಜನ ಅಡುಗೆಯವರು. ದೊಡ್ಡದನ್ನು ಮೊದಲು ಮುಂದಿಟ್ಟುಕೊಂಡು, ಅದನ್ನು ಒಡೆಯುತ್ತಾ ಒಡೆಯುತ್ತಾ ಚಿಕ್ಕದಕ್ಕೆ ಬರುವ ರೀತಿ ಇದು. ಒಳಗೆ ಮನೆಯಾಕೆಯ ಲೆಕ್ಕ ಬೇರೆ. ಅಟ್ಟದ ಮೇಲೆ ಅಕ್ಕಿ ಎಷ್ಟಿದೆ, ಕೊಪ್ಪರಿಗೆ ಯಾರ ಮನೆಯಲ್ಲಿ ಸಿಗುತ್ತೆ, ಬಾವಿಯಲ್ಲಿ ನೀರು ಎಷ್ಟು ದಿನಕ್ಕೆ ಸಾಕು. ಕೈಗೆ ಸಿಗುವುದನ್ನು ಕೂಡಿಸುತ್ತಾ ಕೂಡಿಸುತ್ತಾ ದೊಡ್ಡದಕ್ಕೆ ಹೋಗುವ ರೀತಿ ಅದು. ಇಂಜಿನಿಯರುಗಳು, ಕಂಪ್ಯೂಟರಿನವರು ಇವಕ್ಕೇ ಟಾಪ್ ಡೌನ್, ಬಾಟಮ್ ಅಪ್ ಎಂದು ಹೆಸರಿಟ್ಟಿದ್ದಾರೆ. ಬರೀ ಯಜಮಾನನ ಲೆಕ್ಕ ನಂಬಿದರೆ, ಎಲೆ ಹಾಕಿದ ಮೇಲೆ ಬಾವಿಯ ತಳ ಕಾಣುತ್ತೆ. ಬರೀ ಮನೆಯಾಕೆಯ ಲೆಕ್ಕ ನಂಬಿದರೆ, ಅಕ್ಕಿಯೂ ಇದೆ ಕೊಪ್ಪರಿಗೆಯೂ ಇದೆ, ಎಷ್ಟು ಜನಕ್ಕೆ ಬೇಯಿಸಬೇಕು ಅನ್ನೋದೇ ಗೊತ್ತಿರೋದಿಲ್ಲ. ಇಬ್ಬರೂ ಒಂದು ಸಂಜೆ ಎದುರು ಬದುರು ಕೂತರೆ ಮಾತ್ರ ಮದುವೆ ಸಾಂಗವಾಗಿ ನಡೆಯುತ್ತೆ.

ನಮ್ಮ ಸಹಕಾರ ಚಳವಳಿಯ ಕಥೆಯೂ ಇದೇ. ಜರ್ಮನಿಯಲ್ಲಿ ರೈಫೈಸನ್ ಎಂಬುವರು ಹಳ್ಳಿಗರನ್ನು ಕೂಡಿಸಿಕೊಂಡು ಪತ್ತಿನ ಸಂಘಗಳನ್ನು ಕಟ್ಟಿದ್ದರು. ಅಲ್ಲಿ ಅದು ಕೆಳಗಿನಿಂದ ಬೆಳೆದ ಗಿಡ. ಅದರ ಮಾದರಿಯನ್ನು ನೋಡಿಕೊಂಡು ಬ್ರಿಟಿಷ್ ಸರ್ಕಾರ 1904ರಲ್ಲಿ ನಮ್ಮ ದೇಶಕ್ಕೆ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಇಲ್ಲಿಗೆ ಬರುವಾಗ ಅದೇ ಗಿಡ ಮೇಲಿನಿಂದ ಇಳಿದು ಬಂತು. ಆದರೂ ಒಂದು ವಿಶೇಷ ನಡೆಯಿತು. ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ದೇಶದ ಮೊಟ್ಟಮೊದಲ ಕೃಷಿ ಸಹಕಾರ ಸಂಘವೆಂದು ಅದು ಇಂದಿಗೂ ಹೆಸರಾಗಿದೆ. ಕಾಯಿದೆಯ ಚೌಕಟ್ಟು ಮೇಲಿನಿಂದ ಬಂದಿತ್ತು, ಅದರೊಳಗೆ ಜೀವ ತುಂಬುವವರು ಕೆಳಗೆ ಸಿದ್ಧರಾಗಿದ್ದರು. ಎರಡೂ ಅಲ್ಲಿ ಕೂಡಿದವು.

ಎಲ್ಲಾ ಕಡೆ ಹಾಗೆ ಕೂಡಲಿಲ್ಲ. ರಿಸರ್ವ್ ಬ್ಯಾಂಕು 1951-52ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಮಾಡಿಸಿತು. ಕಾಯಿದೆ ಬಂದು ಆಗಲೇ ಅರ್ಧ ಶತಮಾನ ಸಮೀಪಿಸಿತ್ತು. ಆದರೆ ರೈತ ಪಡೆದ 100 ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು 3 ರೂಪಾಯಿ ಮಾತ್ರ! ಉಳಿದದ್ದರಲ್ಲಿ ಬಹುಪಾಲು ಲೇವಾದೇವಿಯವರದೇ. ಬಾಗಿಲಿಗೆ ಸಂಘದ ಬೋರ್ಡು ಬಿದ್ದ ಮಾತ್ರಕ್ಕೆ ಊರಿನ ಸಾಹುಕಾರನ ಹಿಡಿತ ಸಡಿಲವಾಗಲಿಲ್ಲ. ಕೂಸು ಹುಟ್ಟೋದಕ್ಕೆ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಸಮೀಕ್ಷೆಯ ಸಮಿತಿ 1954ರ ವರದಿಯಲ್ಲಿ, ಸರ್ಕಾರವೇ ಸಂಘಗಳಲ್ಲಿ ಪಾಲುದಾರನಾಗಬೇಕೆಂದು ಸಲಹೆ ಕೊಟ್ಟಿತು. ಅದರಿಂದ ಸಂಘಗಳಿಗೆ ಹಣದ ಬಲ ಬಂತು, ಇಲ್ಲವೆನ್ನುವಂತಿಲ್ಲ. ಜೊತೆಗೆ ಏನೇ ಆಗಬೇಕಾದರೂ ಕಚೇರಿಯ ಕಡೆ ಮುಖ ಮಾಡಿ ಕೂರುವ ಅಭ್ಯಾಸವೂ ಬಂತು.

ಇನ್ನು ಹಾಲಿನ ಕಥೆಗೆ ಬರೋಣ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ರೈತರ ಹಾಲನ್ನು ಮಧ್ಯವರ್ತಿಗಳು ಮನಸ್ಸಿಗೆ ಬಂದ ಬೆಲೆಗೆ ಕೊಂಡು ಮುಂಬಯಿಗೆ ಕಳಿಸುತ್ತಿದ್ದರು. ಸರ್ದಾರ್ ಪಟೇಲರ ಸಲಹೆಯ ಮೇರೆಗೆ ರೈತರು 1946ರ ಜನವರಿಯಲ್ಲಿ ಸಮರ್ಖಾ ಎಂಬ ಹಳ್ಳಿಯಲ್ಲಿ ಸಭೆ ಸೇರಿದರು. ನಮ್ಮ ಹಾಲನ್ನು ನಮ್ಮ ಸಂಘದ ಮೂಲಕವೇ ಮಾರುತ್ತೇವೆಂದು ತೀರ್ಮಾನಿಸಿ, 15 ದಿನ ವ್ಯಾಪಾರಿಗೆ ಹನಿ ಹಾಲು ಕೊಡಲಿಲ್ಲ. ಆ ವರ್ಷದ ಕೊನೆಗೆ ತ್ರಿಭುವನದಾಸ ಪಟೇಲರ ಅಧ್ಯಕ್ಷತೆಯಲ್ಲಿ ಒಕ್ಕೂಟ ನೋಂದಣಿಯಾಯಿತು. 1948ರಲ್ಲಿ ಕೆಲಸ ಶುರುವಾದಾಗ ಇದ್ದದ್ದು ಎರಡೇ ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಅಮುಲ್ ಎಂದು ದೇಶವೆಲ್ಲ ಬಲ್ಲ ಸಂಸ್ಥೆಯ ಬೀಜ ಇಷ್ಟೇ.

ಹಾಗಾದರೆ ಕೆಳಗಿನಿಂದ ಕಟ್ಟಿದ್ದೇ ಸರಿ ಅಂತ ಹೇಳಿ ನಾವು ಇಲ್ಲಿಗೇ ಕೂತುಬಿಡಬಹುದಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಎಮ್ಮೆಗಳು ಚಳಿಗಾಲದಲ್ಲಿ ಜಾಸ್ತಿ ಕರೆಯುತ್ತವೆ, ಬೇಸಗೆಯಲ್ಲಿ ಕಡಿಮೆ. ಹೆಚ್ಚಾದ ಹಾಲನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಎರಡು ಹಳ್ಳಿಯಲ್ಲ, ಇನ್ನೂರು ಹಳ್ಳಿ ಸೇರಿ ಕೂತರೂ ಉತ್ತರ ಸಿಗುತ್ತಿರಲಿಲ್ಲ. 1949ರಲ್ಲಿ ಆನಂದಕ್ಕೆ ಬಂದ ಇಂಜಿನಿಯರ್ ವರ್ಗೀಸ್ ಕುರಿಯನ್, ಅವರ ಸಹೋದ್ಯೋಗಿ ದಲಾಯ ಮುಂತಾದವರು ಎಮ್ಮೆ ಹಾಲಿನಿಂದಲೇ ಪುಡಿ ಮಾಡುವ ದಾರಿ ಕಂಡುಹಿಡಿದರು. ಎಮ್ಮೆ ಹಾಲಿನಿಂದ ಅದು ಸಾಧ್ಯವಿಲ್ಲವೆಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲ ಅದು. 1955ರಲ್ಲಿ ಆ ಕಾರ್ಖಾನೆ ಶುರುವಾಯಿತು. ಕೆಳಗಿನವರ ಪ್ರಶ್ನೆಯನ್ನು ಮೇಲೆ ಒಯ್ದು, ಉತ್ತರವನ್ನು ಕೆಳಗೆ ತಂದರು. ಹಳ್ಳಿಗೆ ಸಂಘ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ ಎಂಬ ಮೂರು ಮೆಟ್ಟಿಲು ಹೀಗೆ ಒಂದರ ಮೇಲೊಂದು ಎದ್ದಿತು.

1964ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಆ ಜಿಲ್ಲೆಯ ಒಂದು ಹಳ್ಳಿಯಲ್ಲಿ ರಾತ್ರಿ ತಂಗಿ, ರೈತರ ಜೊತೆ ಮಾತಾಡಿ, ದೇಶಕ್ಕೆಲ್ಲ ಇಂಥದು ಬೇಕೆಂದರು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು. 1970ರಿಂದ 1996ರವರೆಗೆ ಕ್ಷೀರಧಾರೆ ಯೋಜನೆ ನಡೆಯಿತು. ನಮ್ಮ ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಆರಂಭವಾಗಿ, ಅದೇ ಮುಂದೆ ಹಾಲು ಮಹಾಮಂಡಳಿಯಾಯಿತು, ನಂದಿನಿಯಾಯಿತು. ಕೆಳಗಿನಿಂದ ಬೆಳೆದ ಮಾದರಿಯನ್ನು ಈಗ ಮೇಲಿನಿಂದ ಇಳಿಸಿದರು. ಎಲ್ಲಾ ರಾಜ್ಯಗಳಲ್ಲೂ ಅದು ಒಂದೇ ಸಮ ಬೇರು ಬಿಡಲಿಲ್ಲ. ನಮ್ಮಲ್ಲಿ ಬೇರು ಬಿಟ್ಟಿದೆ ಅಂದರೆ ಅದಕ್ಕೆ ಹಳ್ಳಿ ಹಳ್ಳಿಯಲ್ಲಿ ದಿನಕ್ಕೆರಡು ಹೊತ್ತು ಕ್ಯಾನು ಹಿಡಿದು ಬರುವ ಜನ ಕಾರಣ.

ದೂರದ ಮಾತು ಸಾಕು. ನಮ್ಮ ಮನೆಯ ಮಾತನ್ನೇ ಆಡೋಣ. ಕೆಲವು ವರ್ಷದ ಹಿಂದೆ ನಮ್ಮ ಆಡಳಿತ ಮಂಡಳಿ ಒಂದು ತೀರ್ಮಾನ ಮಾಡಿತ್ತು, ನಿಮಗೆಲ್ಲ ನೆನಪಿರಬಹುದು. ಸಂಜೆ ಹಾಲು ಅಳೆಯುವುದನ್ನು 5 ಗಂಟೆಗೇ ಮುಗಿಸಬೇಕು ಅಂತ. ಲಾರಿ ಬೇಗ ಹೊರಡುತ್ತೆ, ಹಾಲು ಒಡೆಯೋದಿಲ್ಲ, ಕಾರ್ಯದರ್ಶಿಗೂ ಅನುಕೂಲ. ಕಾಗದದ ಮೇಲೆ ಒಂದು ತಪ್ಪೂ ಇರಲಿಲ್ಲ. ಒಂದೇ ತಿಂಗಳಲ್ಲಿ ಸಂಜೆಯ ಹಾಲು ಇಳಿದುಹೋಯಿತು. ಹಸು ಬತ್ತಿವೆ ಅಂದುಕೊಂಡೆವು, ಮೇವಿಲ್ಲ ಅಂದುಕೊಂಡೆವು, ಜನಕ್ಕೆ ನಿಯತ್ತಿಲ್ಲ ಅಂತಲೂ ಬೈದುಕೊಂಡೆವು. ಕೊನೆಗೆ ಮನೆ ಮನೆಗೆ ಹೋಗಿ ಕೇಳಿದಾಗ ಒಬ್ಬ ತಾಯಿ ಹೇಳಿದ್ದು ಇಷ್ಟೇ: "ಕೂಲಿ ಬಿಡೋದೇ ಐದೂವರೆಗೆ, ನಾನು ಬರೋ ಮುಂಚೆ ಹಸು ತಾನೇ ಕರಕೊಳ್ಳುತ್ತಾ?" ನಮ್ಮ ಮಂಡಳಿಯಲ್ಲಿ ಕೂಲಿಗೆ ಹೋಗಿ ಬಂದು ಹಸು ಕರೆಯುವವರು ಆಗ ಒಬ್ಬರೂ ಇರಲಿಲ್ಲ ಸ್ವಾಮಿ! ಆ ಹಾಲು ಅಷ್ಟು ದಿನವೂ ಕಡಿಮೆ ಬೆಲೆಗೆ ಹೋಟೆಲಿಗೆ ಹೋಗುತ್ತಿತ್ತು. ನಷ್ಟ ಯಾರದು? ತಪ್ಪು ನಮ್ಮದು, ನಷ್ಟ ಅವರದು. ಆಮೇಲೆ ಸಮಯವನ್ನು ಆರೂವರೆಗೆ ಹಾಕಿದೆವು. ಅದಕ್ಕೆ ಲಾರಿಯ ಸರದಿ ಬದಲಾಗಬೇಕಿತ್ತು. ಅದು ನಮ್ಮ ಕೈಯಲ್ಲಿರಲಿಲ್ಲ, ಮೇಲಿನವರಿಗೆ ಬರೆದು, ಹೋಗಿ ಕೂತು, ನಮ್ಮ ಊರನ್ನು ಸರದಿಯ ಕೊನೆಗೆ ಹಾಕಿಸಿಕೊಂಡೆವು. ಕೆಳಗೆ ಕೇಳದೆ ಕಾಯಿಲೆ ಗೊತ್ತಾಗಲಿಲ್ಲ, ಮೇಲಿನವರು ಕೈಗೂಡಿಸದೆ ಅದು ವಾಸಿಯಾಗಲಿಲ್ಲ.

ಕೆಳಗಿನ ಯೋಚನೆಗೂ ಕುರುಡು ಇದೆ ಅನ್ನೋದನ್ನು ಮುಚ್ಚಿಡಬಾರದು. ಪ್ರತಿ ಬೀದಿಗೂ ಒಂದು ಹಾಲಿನ ಕೇಂದ್ರ ಬೇಕು ಅಂತ ಒಮ್ಮೆ ಬೇಡಿಕೆ ಎದ್ದಿತ್ತು. ಅವರವರ ಬಾಗಿಲಿನಿಂದ ನೋಡಿದರೆ ಎಲ್ಲರೂ ನ್ಯಾಯವಂತರೇ. ಆದರೆ ಬೀದಿಗೊಂದು ಸಲ ಲಾರಿ ನಿಂತರೆ ಕೊನೆಯ ಬೀದಿಯ ಹಾಲು ಶೀತಲ ಕೇಂದ್ರ ಮುಟ್ಟುವ ಮೊದಲೇ ಹುಳಿಯಾಗುತ್ತೆ. ಒಬ್ಬರ ಹುಳಿ ಹಾಲು ಎಲ್ಲರ ಕ್ಯಾನನ್ನೂ ಕೆಡಿಸುತ್ತೆ. ಅದು ಬಾಗಿಲಲ್ಲಿ ನಿಂತವರಿಗೆ ಕಾಣೋದಿಲ್ಲ, ಇಡೀ ದಾರಿಯನ್ನು ನೋಡುವವರಿಗೆ ಮಾತ್ರ ಕಾಣುತ್ತೆ. ಹಾಗೆಯೇ ಫ್ಯಾಟು ಅಳೆಯುವ ಕ್ರಮ ಊರಿಗೊಂದು ಥರ ಇರಲಿಕ್ಕೆ ಆಗುತ್ತದೆಯೇ? ಅಳತೆ, ಲೆಕ್ಕ, ಕಾಯಿದೆ ಇವು ಎಲ್ಲರಿಗೂ ಒಂದೇ ಇರಬೇಕು, ಮೇಲಿನಿಂದ ಬರಬೇಕು. ಏನು ಬೇಕು, ಯಾವಾಗ ಬೇಕು, ಯಾರಿಗೆ ಕಷ್ಟ ಅನ್ನುವುದು ಕೆಳಗಿನಿಂದಲೇ ಏರಬೇಕು. ಇಷ್ಟು ವರ್ಷದಲ್ಲಿ ನಾವು ಕಲಿತದ್ದು ಇದು.

ಈಗ ಹಳ್ಳದಾಚೆಯ ಮಜರೆಯ ಮಾತು. ಸಂಘಕ್ಕೆ ಬಲ್ಕ್ ಕೂಲರ್ ಹಾಕುವ ಯೋಜನೆ ಬಂದಿದೆ. ಒಳ್ಳೆಯದೇ. ಕರೆದ ಹಾಲು ಊರಲ್ಲೇ 4 ಡಿಗ್ರಿಗೆ ತಣಿಯುತ್ತೆ, ಕೆಡೋದಿಲ್ಲ, ಗುಣಮಟ್ಟ ಏರುತ್ತೆ. ಆದರೆ ಯಂತ್ರ ತುಂಬುವಷ್ಟು ಹಾಲು ಬೇಕಾದ್ದರಿಂದ ಮಜರೆಯ ಉಪಕೇಂದ್ರ ಮುಚ್ಚಿ, ಅವರೂ ಇಲ್ಲಿಗೇ ಹಾಲು ತರಬೇಕೆಂದು ಯೋಜನೆಯಲ್ಲಿದೆ. ನಕ್ಷೆಯಲ್ಲಿ ನೋಡಿದರೆ ಒಂದು ಕಿಲೋಮೀಟರೂ ಇಲ್ಲ. ನಮ್ಮ ಮಂಡಳಿಯೂ ಮೊದಲ ಸಭೆಯಲ್ಲಿ ಹೂಂ ಅಂದುಬಿಟ್ಟಿತ್ತು. ಆದರೆ ಮಳೆಗಾಲದಲ್ಲಿ ಆ ಹಳ್ಳ ಎದೆಯುದ್ದ ಬರುವುದು ನಕ್ಷೆಯಲ್ಲಿಲ್ಲ. ಒಂದು ಹಸು, ಎರಡು ಹಸು ಇಟ್ಟುಕೊಂಡು ಬದುಕುವ ಹೆಣ್ಣುಮಕ್ಕಳೇ ಅಲ್ಲಿ ಹೆಚ್ಚು ಅನ್ನುವುದೂ ಇಲ್ಲ. 15 ದಿನಕ್ಕೊಮ್ಮೆಯ ಬಟವಾಡೆಯೇ ಅವರ ಮನೆಯ ಅಂಗಡಿ ಸಾಮಾನು, ಮಕ್ಕಳ ಪುಸ್ತಕ. ಹಾಗಂತ ಯಂತ್ರವೇ ಬೇಡ ಅಂದರೆ ಊರಿನ ಎಲ್ಲರ ಹಾಲಿಗೂ ನಷ್ಟ. ಎರಡೂ ನಿಜ.

ಅದಕ್ಕೇ ನಮ್ಮದೊಂದು ವಿನಂತಿ. ಸಭೆಗೆ ಮೊದಲು ಒಂದು ವಾರ, ಮಂಡಳಿಯ ನಿರ್ದೇಶಕರು ದಿನಕ್ಕೊಬ್ಬರಂತೆ ಎರಡೂ ಹೊತ್ತು ಮಜರೆಯಿಂದ ಹಾಲಿನ ಕ್ಯಾನು ಹೊತ್ತು ಹಳ್ಳ ದಾಟಿ ಬರಬೇಕು. ಮೊದಲ ದಿನದ ಸರದಿ ಈಗ ಮಾತಾಡುತ್ತಿರುವವರದೇ. ಅದೇ ವಾರ ಮಜರೆಯ ಸದಸ್ಯರು ಇಲ್ಲಿಗೆ ಬಂದು, ಯಂತ್ರಕ್ಕೆ ಎಷ್ಟು ಹಾಲು ಬೇಕು, ಕರೆಂಟಿಗೆ ಎಷ್ಟಾಗುತ್ತೆ, ಸಂಘಕ್ಕೆ ಉಳಿಯುವುದೆಷ್ಟು ಅನ್ನುವ ಲೆಕ್ಕವನ್ನು ಕೂತು ನೋಡಬೇಕು. ಮಳೆಗಾಲದಲ್ಲಿ ಸಂಘದ ಖರ್ಚಿನಲ್ಲಿ ಸುತ್ತುದಾರಿಯಿಂದ ಆಟೋ ಕಳಿಸಿ ಹಾಲು ತರಿಸಬಹುದೋ, ಸಣ್ಣ ಯಂತ್ರವೇ ಸಾಕೋ, ಆಗ ತಾನಾಗಿ ಗೊತ್ತಾಗುತ್ತೆ. ಒಪ್ಪಿದ್ದನ್ನು ಠರಾವು ಮಾಡಿ, ಯೋಜನೆಯಲ್ಲಿ ಏನು ಬದಲಾಗಬೇಕೆಂದು ಒಕ್ಕೂಟಕ್ಕೆ ಬರೆಯೋಣ. ಬದಲಾಯಿಸಿ ಎಂದು ಕೇಳುವ ಹಕ್ಕು ನಮಗಿದೆ. ಆ ಮೂರು ಮೆಟ್ಟಿಲಿನ ಕೆಳಗಿನ ಮೆಟ್ಟಿಲು ನಾವೇ ಅಲ್ಲವೇ?

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅಂತಾರೆ ಹಿರಿಯರು. ಹಳ್ಳ ಕೂಡಿದ ಮೇಲೆ ಅದನ್ನು ದಾಟುವ ಕಷ್ಟ ಯಾರದು ಅಂತಲೂ ನಾವು ಕೇಳಿಕೊಳ್ಳಬೇಕು. 25 ವರ್ಷ ನಮ್ಮನ್ನು ನಂಬಿ ಹಾಲು ಹಾಕಿದವರಲ್ಲಿ ಒಂದು ಮನೆಯೂ ಈ ಬೆಳ್ಳಿಹಬ್ಬದ ವರ್ಷದಲ್ಲಿ ಸಂಘದಿಂದ ಹೊರಗೆ ಬೀಳದಿರಲಿ.