ಎಂಟನೆಯ ಹೆಸರು



ಬಾಡದ ಕನಕದಾಸರು, ಶಿಶುನಾಳದ ಶರೀಫಜ್ಜ, ಸವಣೂರಿನ ಗೋಕಾಕರು, ಇವರ ಬಗ್ಗೆ ಮಾತಾಡಲು ನನಗಿಂತ ಬಲ್ಲವರಿದ್ದಾರೆ. ನಾನು ಎತ್ತಿಕೊಂಡದ್ದು 1950ರ ಆಗಸ್ಟ್ 19ರಂದು ಇದೇ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಬದುಕಿನ ನಾಲ್ಕೈದು ವರ್ಷ ಮಾತ್ರ. ಅಜ್ಜಿಗೆ ಓದು ಕಲಿಸಿದ್ದು, ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದದ್ದು ನಿಮಗೆಲ್ಲ ಗೊತ್ತು. ನನ್ನ ತಕರಾರು ಒಂದು ಸಂಖ್ಯೆಯ ಮೇಲೆ.

1981ರ ಜುಲೈನಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಶುರುವಾಯಿತು. ಸಂಸ್ಥಾಪಕರು ಏಳು ಜನ: ನಾರಾಯಣ ಮೂರ್ತಿ, ನಂದನ್ ನಿಲೇಕಣಿ, ರಾಘವನ್, ಗೋಪಾಲಕೃಷ್ಣನ್, ಶಿಬುಲಾಲ್, ದಿನೇಶ್, ಅಶೋಕ್ ಅರೋರಾ. ಸುಧಾ ಅವರ ಪಾಲಿಗೆ ಬಂದದ್ದು ಒಂದೇ ವಾಕ್ಯ, ಕೂಡಿಟ್ಟಿದ್ದ 10,000 ರೂಪಾಯಿ ಗಂಡ ನಾರಾಯಣ ಮೂರ್ತಿಯವರ ಕೈಗೆ ಕೊಟ್ಟರು ಅಂತ.

ಹೈಸ್ಕೂಲಿನಲ್ಲಿ ನಮಗೆ ಗಣಿತ ಕಲಿಸಿದ ಮಾಸ್ತರರು ನೆನಪಾಗುತ್ತಾರೆ. ಧೋತರ, ಕರಿ ಕೋಟು, ಕಿಸೆಯಲ್ಲಿ ಸದಾ ಎರಡು ಸುಣ್ಣದ ಕಡ್ಡಿ. ಉತ್ತರ ಸರಿ ಬರೆದು ಓಡಿಹೋಗಿ ಪಾಟಿ ತೋರಿಸಿದರೆ, ‘ಉತ್ತರ ಬಂತವಾ, ನಡುವಿನ ಹಂತ ಎಲ್ಲಿ?’ ಅಂತ ಕೇಳುವರು. ಹಂತ ಬಿಟ್ಟರೆ ಅರ್ಧ ಅಂಕ ಹೋದಂತೆ. ನಾನು ಮುಂದೆ ಮೂವತ್ತು ವರ್ಷ ಗಣಿತ ಕಲಿಸಿದ್ದು ಅವರಿಂದ. ಇನ್ಫೋಸಿಸ್ಸಿನ ಲೆಕ್ಕದಲ್ಲಿ ನನಗೆ ಕಾಣದೆ ಹೋದದ್ದು ಆ ನಡುವಿನ ಹಂತವೇ.

ಸುಧಾ ಅವರ ಮಗಳು ಅಕ್ಷತಾ 1980ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದಳು. ಗಂಡ ಹೆಂಡತಿ ಇಬ್ಬರಿಗೂ ಮುಂಬಯಿಯಲ್ಲಿ ನೌಕರಿ, ಕೂಸು ಹುಬ್ಬಳ್ಳಿಯಲ್ಲಿ ಅಜ್ಜ ಅಜ್ಜಿಯ ಕೈಯಲ್ಲಿ. ಕೂಸಿನ ಮುಖ ನೋಡಲು ಬೆಳಗಾವಿಯ ತನಕ ವಿಮಾನ, ಅಲ್ಲಿಂದ ಬಾಡಿಗೆ ಕಾರು ಎಂದು ತಂದೆಯೇ ಮಗಳಿಗೆ ಬರೆದ ಪತ್ರದಲ್ಲಿದೆ. ಅದನ್ನು ಓದುವಾಗ ನನ್ನ ಕಣ್ಣು ತುಂಬಿತು. ನಾನೂ ಎಂಟು ತಿಂಗಳ ಕೂಸನ್ನು ಹಿರೇಕೆರೂರಿನ ತವರಿಗೆ ಬಿಟ್ಟು ಶಾಲೆಗೆ ಹೋದವಳು. ಶನಿವಾರ ಸಂಜೆಯ ಬಸ್ಸಿಗಾಗಿ ವಾರವಿಡೀ ದಿನ ಎಣಿಸುತ್ತಿದ್ದೆ.

ಆಮೇಲೆ ನಾರಾಯಣ ಮೂರ್ತಿ ನೌಕರಿ ಬಿಟ್ಟರು. ಸಂಸಾರ ನಾನು ನೋಡಿಕೊಳ್ಳುತ್ತೇನೆ, ಮೂರು ವರ್ಷ ತೆಗೆದುಕೊಳ್ಳಿ ಎಂದರು ಸುಧಾ. ಸಾಲ ಮಾಡಿ ಕೊಂಡ ಪುಣೆಯ ಪುಟ್ಟ ಮನೆಯೇ ಕಂಪನಿಯ ಆಫೀಸೂ ಆಯಿತು. ವಾಲ್‌ಚಂದ್ ಸಮೂಹದಲ್ಲಿ ಈಕೆಗೆ ಹಿರಿಯ ಸಿಸ್ಟಮ್ಸ್ ಅನಲಿಸ್ಟ್ ಹುದ್ದೆ, ಆ ಸಂಬಳದಲ್ಲಿ ಮನೆ ನಡೆಯಿತು. ಅಡಿಗೆ, ಗುಮಾಸ್ತಿಕೆ, ಪ್ರೋಗ್ರಾಂ ಬರೆಯುವುದು, ಮೂರೂ ಇವರದೇ. 1974ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಇ. ಮುಗಿಸಿದ್ದ ಇಂಜಿನಿಯರ್ ಈಕೆ, ಅದನ್ನು ಮರೆಯಬಾರದು.

1983ರಲ್ಲಿ ಗ್ರಾಹಕ ಮೈಕೋ ಕಂಪನಿಯ ಕೆಲಸಕ್ಕಾಗಿ ಇನ್ಫೋಸಿಸ್ ಬೆಂಗಳೂರಿಗೆ ಬಂತು. ಈಕೆ ಬಾಣಂತನಕ್ಕೆ ಹುಬ್ಬಳ್ಳಿಗೆ. ರೋಹನ್ ಹುಟ್ಟಿದ ಹತ್ತು ದಿನಕ್ಕೆ ತಂದೆ ಅಮೆರಿಕಕ್ಕೆ ಹೊರಟರು. ಕೂಸಿಗೆ ಇಸುಬು, ಸೋಂಕು ತಗಲೀತೆಂದು ತಾಯಿ ವರ್ಷಕ್ಕೂ ಮಿಕ್ಕಿ ಹೊಸಿಲು ದಾಟಲಿಲ್ಲ. ಮುಂದೆ ಜಯನಗರದ ಬಾಡಿಗೆ ಮನೆ, ಕಾರಿಲ್ಲ, ಫೋನಿಲ್ಲ. ನಂದನ್, ರೋಹಿಣಿ ನಿಲೇಕಣಿಯವರೂ ಅದೇ ಮನೆಯಲ್ಲಿ. ರೋಹಿಣಿ ಕೂಸನ್ನು ಎತ್ತಿಕೊಂಡಾಗ ಸುಧಾ ಇನ್ಫೋಸಿಸ್ಸಿಗೆ ಪ್ರೋಗ್ರಾಂ ಬರೆಯುವರು.

ಆಗಲೇ ನಂದನ್ ಒಂದು ಮಾತು ಎತ್ತಿದರು, ಸುಧಾ ಅವರನ್ನು ಆಡಳಿತ ಮಂಡಳಿಗೆ ತೆಗೆದುಕೊಳ್ಳೋಣ ಅಂತ. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಬೇಡ ಎಂದರು ನಾರಾಯಣ ಮೂರ್ತಿ. ಈಕೆಗೆ ನೋವಾಯಿತು, ಆದರೂ ಒಪ್ಪಿದರು. ಆ ಏಳೂ ಜನರಿಗಿಂತ ಆಕೆಯೇ ಹೆಚ್ಚು ಅರ್ಹಳಾಗಿದ್ದಳು, ನಾನು ತಪ್ಪಿದೆ ಎಂದು ನಾರಾಯಣ ಮೂರ್ತಿಯವರೇ 2024ರಲ್ಲಿ ಹೇಳಿಕೊಂಡರು. ನಾಲ್ವತ್ತು ವರ್ಷದ ಮೇಲೆ ಬಂದ ಈ ಮಾತನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ನನ್ನ ವಾದ ಇಷ್ಟೇ, ಅದು ಎಂಟು ಜನ ಕಟ್ಟಿದ ಕಂಪನಿ. ಆದರೆ ರಾತ್ರಿ ಮಲಗಿದಾಗ ಮಾಸ್ತರರು ಮತ್ತೆ ಬಂದು ಕೇಳುತ್ತಾರೆ. ಕೂಸು ಎತ್ತಿಕೊಂಡ ರೋಹಿಣಿ ಒಂಬತ್ತನೆಯವರಲ್ಲವೆ? ಹುಬ್ಬಳ್ಳಿಯ ಅಜ್ಜಿ ಹತ್ತನೆಯವರಲ್ಲವೆ? ಪಟ್ಟಿ ಎಲ್ಲಿ ನಿಲ್ಲಬೇಕು? ಆಕೆ ತಾನಾಗಿ ಒಪ್ಪಿ ಬಿಟ್ಟುಕೊಟ್ಟದ್ದನ್ನು ಅನ್ಯಾಯವೆಂದು ಕೂಗಲು ನಾನು ಯಾರು? ನನ್ನ ಕೂಸನ್ನು ಸಾಕಿದ ನನ್ನವ್ವನ ಹೆಸರನ್ನು ನಾನಾದರೂ ಎಲ್ಲಿ ಬರೆಸಿದ್ದೇನೆ?

ಅಕ್ಕ ತಂಗಿಯರೆ, ನಿಮ್ಮ ಬಳೆ ಒತ್ತೆಯಿಟ್ಟು ತೆರೆದ ಅಂಗಡಿ, ಗಿರಣಿ, ಎಲೆ ವ್ಯಾಪಾರ ನಿಮ್ಮ ಮನೆಗಳಲ್ಲೂ ಇವೆ. ಇಂದು ಮನೆಗೆ ಹೋಗಿ ಅವುಗಳ ಲೈಸೆನ್ಸ್ ತೆಗೆದು ನೋಡಿರಿ. ಅದರಲ್ಲಿ ಯಾರ ಹೆಸರಿದೆ ಎಂದು ಮುಂದಿನ ತಿಂಗಳ ಸಭೆಯಲ್ಲಿ ಎದ್ದು ನಿಂತು ಹೇಳಿರಿ.