ಹತ್ತಿ ಬಟ್ಟೆಯ ಪಾಠ



ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಐಸ್‌ಲ್ಯಾಂಡಿನ ಸಿಲ್ಫ್ರಾ ಎಂಬ ನೀರು ತುಂಬಿದ ಭೂಬಿರುಕಿನಲ್ಲಿ ಡೈವಿಂಗಿಗೆ ಇಳಿದಾಗ, ಕಾಸರಗೋಡಿನ ಸೆಕೆಯಲ್ಲಿ ತೊಡುತ್ತಿದ್ದ ಹತ್ತಿ ಬನಿಯನ್ನನ್ನೇ ಒಳಗೆ ತೊಟ್ಟಿದ್ದರಂತೆ. ಅಲ್ಲಿಯ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ಡ್ರೈಸೂಟ್ ನೀರನ್ನೇನೋ ತಡೆಯಿತು. ಆದರೆ ಸಲಕರಣೆ ಹೊತ್ತು ನಡೆದಾಗ ಬಂದ ಬೆವರನ್ನು ಬನಿಯನ್ ಹೀರಿ ಹಿಡಿದಿತ್ತು. ಬೆರಳುಗಳು ಮರಗಟ್ಟಿ, ಸೂಟಿಗೆ ಗಾಳಿ ತುಂಬುವ ಗುಂಡಿಯನ್ನೂ ಒತ್ತಲಾಗದೆ, ಜೊತೆಗಾರರ ನೆರವಿನಿಂದ ಮೇಲೆ ಬಂದರು.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ತೆಳು ಬಟ್ಟೆಯ ಡ್ರೈಸೂಟ್ ತಾನಾಗಿ ಬೆಚ್ಚಗಿಡದು. ಒಳಉಡುಪಿನ ಎಳೆಗಳ ನಡುವೆ ನಿಂತ ಗಾಳಿಯೇ ಕಾಯುತ್ತದೆ. ಆದುದರಿಂದ ಮೈಗೆ ತಾಗುವ ಪದರ ಬೆವರನ್ನು ಹೊರಸಾಗಿಸುವ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಆಗಿರಬೇಕು; ಅದರ ಮೇಲೆ ದಪ್ಪ ಫ್ಲೀಸ್. ಉಡುಪು ಬಿಗಿಯಾದರೆ ಗಾಳಿಗೆ ಎಡೆಯಿಲ್ಲ. ಅತಿ ದಪ್ಪವಾದರೆ ದೇಹ ತೇಲುತ್ತದೆ, ಸೀಸದ ತೂಕವನ್ನು ಹೆಚ್ಚಿಸಬೇಕಾಗುತ್ತದೆ. ಎಲ್ಲವನ್ನೂ ತೊಟ್ಟು, ಕೈ ಎತ್ತಿ, ಬಾಗಿ ನೋಡಿಯೇ ಆರಿಸಬೇಕು.

ಬೆವರು ಹೀರುವ ಹತ್ತಿಯೇ ಉತ್ತಮ ಉಡುಪೆಂದು ಅವರಿಗೆ ಕಲಿಸಿದವರು ನಾವೇ. ಅದು ಸೆಕೆಯ ನಾಡಿನ ಸತ್ಯವೆಂದು ಹೇಳಲು ಮರೆತಿದ್ದೆವು. ನಮ್ಮ ಮಕ್ಕಳು ಇಂದು ಎಲ್ಲೆಲ್ಲಿಗೋ ಹೋಗುತ್ತಾರೆ. ಇನ್ನು ಮುಂದೆ ಉತ್ತರದೊಡನೆ ಕಾರಣವನ್ನೂ ಕಲಿಸೋಣ.